ತಿಂಗಳಿಗೆ ಐದು ಎಸ್ಪ್ರೆಸೊ ಮಷೀನು ಮಾಡುವವರು ಇಪ್ಪತ್ತು ಮಾಡಬೇಕಾದರೆ

ತುಮಕೂರಿನ ಅಂತರಸನಹಳ್ಳಿಯಲ್ಲೋ ಹಿರೇಹಳ್ಳಿಯಲ್ಲೋ ಒಂದು ಶೆಡ್ಡು. ಒಳಗೆ ನಾಲ್ಕು ಜನ ಕೆಲಸದವರು, ಒಂದು ಲೇತು, ಒಂದು ಟಿಗ್ ವೆಲ್ಡಿಂಗ್ ಸೆಟ್ಟು. ತಿಂಗಳಿಗೆ ನಾಲ್ಕೈದು ಮಷೀನು ಆರಾಮಾಗಿ ಹೊರಗೆ ಹೋಗುತ್ತಿವೆ. ಹೀಗಿರುವಾಗ ಬೆಂಗಳೂರಿನ ಡೀಲರ್ ಒಬ್ಬರು ಫೋನ್ ಮಾಡಿ, ‘ತಿಂಗಳಿಗೆ ಇಪ್ಪತ್ತು ಕೊಡೋಕಾಗತ್ತಾ?’ ಅಂತ ಕೇಳುತ್ತಾರೆ. ಮಾಲೀಕರ ತಲೆಗೆ ತಕ್ಷಣ ಬರುವುದು ಪಕ್ಕದ ಶೆಡ್ಡು, ಒಂದು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಲೋಹ ಕೊರೆಯುವ ಮಷೀನು), ಬ್ಯಾಂಕ್ ಮ್ಯಾನೇಜರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಂದರೆ ಇದೇ.

ನನ್ನ ಸಲಹೆ ಉಲ್ಟಾ ಇದೆ. ಕೊನೆಯಿಂದ ಶುರು ಮಾಡಿ. ಮೊದಲು ಟೆಸ್ಟಿಂಗ್, ಆಮೇಲೆ ಬಿಡಿಭಾಗ, ಅದಾದ ಮೇಲೆ ಜೋಡಣೆ. ಹೊಸ ಮಷಿನರಿ ಕೊಳ್ಳುವ ಮಾತು ಎಲ್ಲಕ್ಕಿಂತ ಕೊನೆಗೆ. ಟೆಸ್ಟ್ ಬೆಂಚಿನಿಂದ ದಿನಕ್ಕೆ ಒಂದು ಮಷೀನು ಹೊರಗೆ ಬರದಿದ್ದರೆ, ಮುಂದೆ ಎಷ್ಟು ಲೇತು ತಿರುಗಿದರೂ ಶೆಡ್ಡಿನಲ್ಲಿ ಅರ್ಧಂಬರ್ಧ ಮಷೀನುಗಳ ರಾಶಿ ಬೀಳುತ್ತದೆ, ಅಷ್ಟೇ.

ಇಲ್ಲಿ ಹೇಳುತ್ತಿರುವುದು ಮದುವೆ ಮನೆಯಲ್ಲಿ ಬುಸ್ಸೆಂದು ಹಾಲು ನೊರೆ ಬರಿಸುವ ಸ್ಟೀಮ್ ಡಬ್ಬಿಯ ಬಗ್ಗೆ ಅಲ್ಲ. ಪಂಪಿನಿಂದ 9 ಬಾರ್ ಒತ್ತಡ ಕೊಟ್ಟು, 90ರಿಂದ 96 ಡಿಗ್ರಿ ಬಿಸಿಯ ನೀರನ್ನು ಕಾಫಿಪುಡಿಯ ಮೂಲಕ 25-30 ಸೆಕೆಂಡು ಹಾಯಿಸುವ ಕೆಫೆ ಮಷೀನಿನ ಬಗ್ಗೆ. ಲೆಕ್ಕಕ್ಕೆ ಸುಲಭವಾಗಲಿ ಅಂತ ಎರಡು ಗ್ರೂಪಿನ (ಕಾಫಿ ಇಳಿಯುವ ತಲೆಯೇ ಗ್ರೂಪು), ಹತ್ತು-ಹನ್ನೊಂದು ಲೀಟರ್ ಬಾಯ್ಲರಿನ, ನೀರು ಕಾಯಿಸುವ 4.5 ಕಿಲೋವ್ಯಾಟ್ ಎಲಿಮೆಂಟಿನ ಒಂದು ಮಾಡೆಲ್ ಇಟ್ಟುಕೊಳ್ಳೋಣ.

ಹೆಜ್ಜೆ 1: ಗಂಟೆ ಲೆಕ್ಕ ಹಾಕಿ

ತಿಂಗಳಿಗೆ 25 ದಿನ, ಟೀ-ಊಟ ಕಳೆದು ದಿನಕ್ಕೆ ಏಳೂವರೆ ಗಂಟೆ ಕೆಲಸ. ಒಬ್ಬರಿಗೆ 187.5 ಗಂಟೆ. ನಾಲ್ಕು ಜನಕ್ಕೆ 750 ಗಂಟೆ. ಐದು ಮಷೀನು ಹೋಗಿದ್ದರೆ ಒಂದಕ್ಕೆ 150 ಗಂಟೆ ಹಿಡಿದಂತಾಯಿತು.

ಈಗ ಒಂದು ಮಷೀನಿಗೆ ನಿಜವಾಗಿ ಕೈ ಹಾಕಿದ ಸಮಯ ಎಷ್ಟು ಅಂತ ಅಳೆಯಿರಿ. ಪ್ರತಿ ಫ್ರೇಮಿಗೂ ಒಂದು ಹಾಳೆ ಅಂಟಿಸಿ. ಯಾರು ಎಷ್ಟು ಗಂಟೆಗೆ ಶುರು ಮಾಡಿದರು, ಯಾವಾಗ ಬಿಟ್ಟರು, ಯಾಕೆ ಬಿಟ್ಟರು ಅಂತ ಅದರಲ್ಲಿ ಬರೆಯಲಿ. ‘ಯಾಕೆ’ ಅನ್ನುವ ಕಾಲಂ ಮುಖ್ಯ. ‘ವಾಲ್ವ್ ಬಂದಿಲ್ಲ’, ‘ಪ್ಯಾನೆಲ್ ಕೂರಲಿಲ್ಲ, ಫೈಲ್ ಹೊಡೆದೆ’, ‘ಫಿಟ್ಟಿಂಗ್ ತರೋಕೆ ಬೆಂಗಳೂರಿನ ಪೀಣ್ಯಕ್ಕೆ ಹೋದೆ’. ಇಂಥವೇ ಜಾಸ್ತಿ ಸಿಗುತ್ತವೆ.

ಕೈ ಕೆಲಸ 40 ಗಂಟೆ ಅಂತ ಬಂತು ಅಂದುಕೊಳ್ಳಿ. ಹಾಗಾದರೆ ಇಪ್ಪತ್ತು ಮಷೀನಿಗೆ 800 ಗಂಟೆ ಸಾಕು. ನಿಮ್ಮ ಹತ್ತಿರ ಈಗಾಗಲೇ 750 ಇದೆ! ಬೇಕಿರುವುದು ಇನ್ನೊಬ್ಬ ಫಿಟ್ಟರ್, ಇನ್ನೊಂದು ಶೆಡ್ಡಲ್ಲ. ಉಳಿದ 110 ಗಂಟೆ ಎಲ್ಲಿ ಸೋರಿಹೋಗುತ್ತಿದೆ ಅನ್ನುವುದೇ ಮುಂದಿನ ಹೆಜ್ಜೆಗಳ ವಿಷಯ.

ಇನ್ನೊಂದು ಲೆಕ್ಕವನ್ನೂ ಗೋಡೆಗೆ ಬರೆದಿಡಿ. 187.5 ಗಂಟೆಯನ್ನು ಇಪ್ಪತ್ತರಿಂದ ಭಾಗಿಸಿದರೆ ಸುಮಾರು 9 ಗಂಟೆ 20 ನಿಮಿಷ. ಅಷ್ಟು ಕೆಲಸದ ಸಮಯಕ್ಕೆ ಒಂದರಂತೆ ಮಷೀನು ಬಾಗಿಲು ದಾಟಬೇಕು.

ಹೆಜ್ಜೆ 2: ಟೆಸ್ಟ್ ಬೆಂಚು

ಸಣ್ಣ ಘಟಕಗಳಲ್ಲಿ ಟೆಸ್ಟಿಂಗ್ ಅಂದರೆ ಮೂಲೆಯಲ್ಲಿ ಒಂದು ಟೇಬಲ್ಲು, ಒಂದು ಬಕೆಟ್ಟು, ಒಂದು ಪ್ಲಗ್ಗು. ಐದು ಮಷೀನಿಗೆ ನಡೆಯುತ್ತದೆ. ಇಪ್ಪತ್ತಕ್ಕೆ ನಡೆಯಲ್ಲ. ಒಂದು ಮಷೀನು ಬೆಂಚಿನ ಮೇಲೆ ಎರಡು ದಿನ ಕೂತರೆ ಇಪ್ಪತ್ತಕ್ಕೆ 40 ದಿನ. ತಿಂಗಳಲ್ಲಿ ಇರುವುದು 25. ಎರಡು ಬೆಂಚು ಬೇಕೇಬೇಕು. ಫೇಲ್ ಆಗಿ ವಾಪಸ್ ಬರುವವೂ ಇರುತ್ತವಲ್ಲ, ಅದಕ್ಕೆ ಮೂರು ಮಾಡಿ.

ಮೂರು ಬೆಂಚು ಒಟ್ಟಿಗೆ ಬಿಸಿಯಾದರೆ 13.5 ಕಿಲೋವ್ಯಾಟ್. ವೆಲ್ಡಿಂಗ್ ಸೆಟ್ಟು, ಕಂಪ್ರೆಸರು ಬೇರೆ. ನಿಮ್ಮ ಮಂಜೂರಾದ ಲೋಡು ಎಷ್ಟಿದೆ ನೋಡಿ, ಕಡಿಮೆ ಇದ್ದರೆ ಬೆಸ್ಕಾಂಗೆ ಮೊದಲೇ ಅರ್ಜಿ ಹಾಕಿ. ಕೊನೇ ಗಳಿಗೆಯಲ್ಲಿ ಹಾಕಿದರೆ ಇಡೀ ಬ್ಯಾಚು ಅದಕ್ಕೋಸ್ಕರ ಕಾಯುತ್ತದೆ.

ನೀರಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಜಿಲ್ಲೆಯಲ್ಲಿ ಇದು ದೊಡ್ಡ ವಿಷಯ. ತುಮಕೂರು ನಗರಕ್ಕೆ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ಬರುತ್ತದೆ. ಆದರೆ ಶೆಡ್ಡುಗಳಲ್ಲಿ ಹೆಚ್ಚಾಗಿ ಬೋರ್‌ವೆಲ್ ನೀರೇ. ಅದು ಗಡಸು. ಗಡಸುತನ 300 ಪಿಪಿಎಂ ಇದ್ದರೆ ಸಾವಿರ ಲೀಟರಿನಲ್ಲಿ 300 ಗ್ರಾಂ ಸುಣ್ಣದಂಶ ಇದೆ ಅಂತ ಅರ್ಥ. ಬಾಯ್ಲರಿನಲ್ಲಿ ನೀರು ಆವಿಯಾಗಿ ಹೋಗುತ್ತದೆ, ಸುಣ್ಣ ಅಲ್ಲೇ ಉಳಿಯುತ್ತದೆ. ಆ ನೀರಲ್ಲಿ ಟೆಸ್ಟ್ ಮಾಡಿದರೆ ಹೊಸ ಮಷೀನು ಗಿರಾಕಿ ಕೈ ಸೇರುವ ಮೊದಲೇ ಎಲಿಮೆಂಟಿನ ಮೇಲೆ ಬಿಳಿ ಪೊರೆ ಕೂತಿರುತ್ತದೆ. 0.7 ಎಂಎಂ ತೂತಿನ ಜೆಟ್ ಇರುವ ಗ್ರೂಪಿಗೆ ಒಂದು ಚೂರು ಸುಣ್ಣ ಸಾಕು, ನೀರು ಕಟ್ಟಿಕೊಳ್ಳುತ್ತದೆ.

ಸರಿ, ಆರ್‌ಒ ನೀರು ಹಾಕೋಣ ಅಂತೀರಾ? ಅದರಲ್ಲೂ ಒಂದು ಕಿತಾಪತಿ ಇದೆ. ಬಾಯ್ಲರಿನಲ್ಲಿ ನೀರು ಎಷ್ಟಿದೆ ಅಂತ ನೋಡುವ ಪ್ರೋಬು ಕೆಲಸ ಮಾಡುವುದು ನೀರಿನ ಮೂಲಕ ಸಣ್ಣ ಕರೆಂಟು ಹರಿಯುವುದರಿಂದ. ಉಪ್ಪಿನಂಶವೇ ಇಲ್ಲದ ನೀರಿನಲ್ಲಿ ಆ ಕರೆಂಟು ಸರಿಯಾಗಿ ಹರಿಯಲ್ಲ. ನೀರೇ ಇಲ್ಲ ಅಂದುಕೊಂಡು ಕಂಟ್ರೋಲರ್ ತುಂಬಿಸುತ್ತಲೇ ಹೋಗುತ್ತದೆ. ಕೊನೆಗೆ ಸ್ಟೀಮ್ ಕೊಳವೆಯಿಂದ ಆವಿಯ ಬದಲು ನೀರು ಸುರಿಯುತ್ತದೆ. ಹುಡುಗರು ಪ್ರೋಬು ಬದಲಾಯಿಸುತ್ತಾರೆ, ಬೋರ್ಡು ಬದಲಾಯಿಸುತ್ತಾರೆ, ಅರ್ಧ ದಿನ ಹೋಗುತ್ತದೆ. ತಪ್ಪು ನೀರಿನದು. ಹಾಗಾಗಿ ಆರ್‌ಒ ನೀರಿಗೆ ಫಿಲ್ಟರ್ ಮಾಡಿದ ಮಾಮೂಲಿ ನೀರು ಬೆರೆಸಿ, ಗಡಸುತನ 50ರಿಂದ 100 ಪಿಪಿಎಂ ಒಳಗೆ ಬರುವಂತೆ ಮಾಡಿಕೊಳ್ಳಿ. ಎರಡು ಟ್ಯಾಂಕು, ನೀರಿನಲ್ಲಿ ಕರಗಿದ ಲವಣ ಅಳೆಯುವ ಒಂದು ಟಿಡಿಎಸ್ ಮೀಟರು, ಗಡಸುತನ ನೋಡುವ ಒಂದು ಕಿಟ್ಟು. ಇಷ್ಟೇ ಖರ್ಚು.

ಬೆಂಚಿನ ಮೇಲೆ ಏನೇನು ನೋಡಬೇಕು ಅನ್ನುವುದಕ್ಕೆ ಒಂದೇ ಹಾಳೆ ಇರಲಿ, ಎಲ್ಲರೂ ಅದನ್ನೇ ತುಂಬಲಿ. ಕರೆಂಟಿನ ಪರೀಕ್ಷೆ ಮೊದಲು: ಅರ್ಥ್ ಸರಿಯಾಗಿ ಸಿಗುತ್ತಿದೆಯಾ, ಇನ್ಸುಲೇಷನ್ ಗಟ್ಟಿ ಇದೆಯಾ, ಹೈ-ಪಾಟ್ (ಹೆಚ್ಚು ವೋಲ್ಟೇಜಿನ ಪರೀಕ್ಷೆ) ಪಾಸಾಯಿತಾ. ಬಿಸಿನೀರು, ಲೋಹ, 230 ವೋಲ್ಟ್ ಮೂರೂ ಒಂದೇ ಪೆಟ್ಟಿಗೆಯಲ್ಲಿ ಇರುವಾಗ ಇದರಲ್ಲಿ ರಾಜಿ ಬೇಡ. ಆಮೇಲೆ ಪಂಪಿನ ಒತ್ತಡ 9 ಬಾರಿಗೆ ನಿಂತಿದೆಯಾ, ಬಾಯ್ಲರ್ 1.2 ಬಾರ್ ಸುತ್ತ ಇದೆಯಾ (ಅಂದರೆ ಒಳಗೆ ಸುಮಾರು 123 ಡಿಗ್ರಿ), ಸೇಫ್ಟಿ ವಾಲ್ವು ಹೇಳಿದ ಒತ್ತಡಕ್ಕೆ ತೆರೆಯುತ್ತಾ, ಎರಡೂ ಗ್ರೂಪಿನ ಬಿಸಿ ಒಂದೇ ಇದೆಯಾ.

ಸೋರಿಕೆ ಹಿಡಿಯಲು ಬಿಸಿ ಇದ್ದಾಗ ಮಾತ್ರ ನೋಡಿದರೆ ಸಾಲದು. ಬಿಸಿಗೆ ಹಿಗ್ಗಿ ಗಟ್ಟಿಯಾಗಿ ಕೂತ ಫಿಟ್ಟಿಂಗು ರಾತ್ರಿ ತಣ್ಣಗಾದಾಗ ತೊಟ್ಟಿಕ್ಕುತ್ತದೆ. ಮೂರು ಸಲ ಪೂರ್ತಿ ಬಿಸಿ ಮಾಡಿ, ಮೂರು ಸಲ ಪೂರ್ತಿ ಆರಲು ಬಿಡಿ. ಬೆಳಿಗ್ಗೆ ಬಂದ ತಕ್ಷಣ, ಸ್ವಿಚ್ ಹಾಕುವ ಮುಂಚೆ, ಕೆಳಗೆ ಹಾಸಿದ ಕಾಗದ ನೋಡಿ. ಒದ್ದೆ ಗುರುತು ಯಾವ ಜಾಯಿಂಟಿನ ಕೆಳಗಿದೆ ಅಂತ ಅದೇ ಹೇಳುತ್ತದೆ. ಎರಡು ದಿನ ಬೇಕು ಅಂದಿದ್ದು ಇದಕ್ಕೇ.

ಫೇಲಾದ ಪ್ರತಿ ಮಷೀನನ್ನೂ ರಿಜಿಸ್ಟರಿನಲ್ಲಿ ಬರೆಯಿರಿ. ಸೀರಿಯಲ್ ನಂಬರು, ಏನು ಕೆಟ್ಟಿತ್ತು, ಯಾವ ಭಾಗ, ಯಾರ ಸಪ್ಲೈ. ವಾರಕ್ಕೊಮ್ಮೆ ಓದಿ. ಒಂದೇ ಜಾಯಿಂಟು ಎರಡು ಸಲ ಬಂದರೆ ಅದು ಫಿಟ್ಟರ್ ತಪ್ಪಲ್ಲ, ಡ್ರಾಯಿಂಗ್ ತಪ್ಪು.

ಹೆಜ್ಜೆ 3: ಡಿಸೈನ್ ಮುಟ್ಟಬೇಡಿ

ಆರು ತಿಂಗಳು ಏನೂ ಬದಲಾಯಿಸಲ್ಲ ಅಂತ ತೀರ್ಮಾನ ಮಾಡಿ. ಗಿರಾಕಿಗೆ ಬಣ್ಣ ಬೇಕಾ, ಕೊಡಿ. ಮರದ ಹಿಡಿ ಬೇಕಾ, ಕೊಡಿ. ಬಾಯ್ಲರ್ ಸ್ವಲ್ಪ ದೊಡ್ಡದು ಬೇಕು, ಎತ್ತರ ಎರಡು ಇಂಚು ಕಡಿಮೆ ಬೇಕು ಅಂದರೆ ಮುಂದಿನ ಮಾಡೆಲಿಗೆ ನೋಡೋಣ ಅನ್ನಿ. ಐದು ಮಷೀನು ಮಾಡುವಾಗ ಒಂದೊಂದೂ ಬೇರೆ ಇದ್ದರೂ ಮೇಸ್ತ್ರಿಗೆ ನೆನಪಿರುತ್ತದೆ. ಇಪ್ಪತ್ತಾದಾಗ ಇರಲ್ಲ.

ಗ್ರೂಪನ್ನು ಸ್ವಂತವಾಗಿ ಹೊಸದಾಗಿ ಕಂಡುಹಿಡಿಯಲು ಹೋಗಬೇಡಿ. ಇಟಲಿಯ ಫೇಮಾ ಕಂಪನಿ 1961ರಲ್ಲಿ ತಂದ ಇ61 ಗ್ರೂಪಿನ ವಿನ್ಯಾಸವನ್ನು ಇವತ್ತಿಗೂ ಎಷ್ಟೋ ಕಂಪನಿಗಳು ಬಳಸುತ್ತಿವೆ. ಅದರ ಗ್ಯಾಸ್ಕೆಟ್ಟು, ಜಾಲರಿ, ಕಾಫಿಪುಡಿ ಹಿಡಿಸುವ 58 ಎಂಎಂ ಬಾಸ್ಕೆಟ್ಟು ಹುಡುಕುವುದು ಕಷ್ಟವಲ್ಲ. ನಿಮ್ಮ ಮಷೀನು ಕೊಂಡ ಹಾಸನದ ಕೆಫೆಯವರಿಗೆ ಗ್ಯಾಸ್ಕೆಟ್ ಹೋದರೆ ನಿಮಗೇ ಕಾಯಬೇಕಾಗಿಲ್ಲ.

ಡ್ರಾಯಿಂಗ್ ಹಾಳೆಯ ಮೇಲೆ ತಾರೀಖು, ಆವೃತ್ತಿ ನಂಬರು ಇರಲಿ. ಹಳೆಯ ಹಾಳೆಗಳನ್ನು ಹರಿದು ಹಾಕಿ. ವಾಟ್ಸಾಪಿನಲ್ಲಿ ಕಳಿಸಿದ ಫೋಟೋ ನೋಡಿಕೊಂಡು ಪಾರ್ಟು ಮಾಡಿಸುವ ಅಭ್ಯಾಸ ನಮ್ಮಲ್ಲಿ ಎಲ್ಲ ಕಡೆ ಇದೆ. ಅದನ್ನು ಇಲ್ಲಿಗೇ ನಿಲ್ಲಿಸಿ.

ಡ್ರಾಯಿಂಗಿನಲ್ಲಿ ತಪ್ಪದೆ ಬರೆಯಬೇಕಾದದ್ದು ಥ್ರೆಡ್ಡಿನ ಜಾತಿ. ಅರ್ಧ ಇಂಚು ಅಂತ ಮಾತ್ರ ಬರೆದರೆ ಒಬ್ಬರು ಬ್ರಿಟಿಷ್ ಪದ್ಧತಿಯ ಬಿಎಸ್‌ಪಿ ಹಾಕುತ್ತಾರೆ, ಇನ್ನೊಬ್ಬರು ಅಮೆರಿಕದ ಎನ್‌ಪಿಟಿ ಹಾಕುತ್ತಾರೆ. ಕಾಲು ಇಂಚಿನಲ್ಲಾದರೆ ಬಿಎಸ್‌ಪಿಗೆ ಇಂಚಿಗೆ 19 ಸುತ್ತು, ಎನ್‌ಪಿಟಿಗೆ 18. ಎರಡು ಮೂರು ಸುತ್ತಿಗೇ ಹಿಡಿದುಕೊಳ್ಳುತ್ತದೆ, ಬೇಗ ಗೊತ್ತಾಗುತ್ತದೆ. ಅರ್ಧ ಇಂಚಿನಲ್ಲಿ ಎರಡಕ್ಕೂ 14 ಸುತ್ತೇ. ಕೋನ ಮಾತ್ರ ಬೇರೆ, ಒಂದು 55 ಡಿಗ್ರಿ, ಇನ್ನೊಂದು 60. ಹಾಗಾಗಿ ಒಂದಕ್ಕೊಂದು ಹೊಕ್ಕಿಬಿಡುತ್ತದೆ. ಟೆಫ್ಲಾನ್ ಟೇಪು ಸುತ್ತಿದರೆ ತಣ್ಣೀರಿಗೆ ಸೋರಲ್ಲ. ಬಿಸಿಯಾದ ಮೇಲೆ ಶುರುವಾಗುತ್ತದೆ.

ಹೆಜ್ಜೆ 4: ಬಾಯ್ಲರ್ ನಿಮ್ಮ ಕೈಯಲ್ಲೇ ಇರಲಿ

ಯಾವುದನ್ನು ಹೊರಗೆ ಕೊಡಬೇಕು, ಯಾವುದನ್ನು ಒಳಗೇ ಮಾಡಬೇಕು ಅನ್ನುವುದಕ್ಕೆ ನನ್ನದೊಂದು ಸರಳ ಲೆಕ್ಕ. ಕೆಟ್ಟರೆ ಮನುಷ್ಯನಿಗೆ ಪೆಟ್ಟಾಗುವಂಥದ್ದು ಒಳಗೆ. ಕೆಟ್ಟರೆ ಬರೀ ಕಣ್ಣಿಗೆ ಕಾಣುವಂಥದ್ದು ಹೊರಗೆ. ಶೀಟ್ ಮೆಟಲ್, ಲೇಸರ್ ಕಟಿಂಗ್, ಬೆಂಡಿಂಗ್, ಪೌಡರ್ ಕೋಟಿಂಗ್ ಎಲ್ಲ ಹೊರಗೆ ಕೊಡಿ. ಪೀಣ್ಯ 60 ಕಿಲೋಮೀಟರ್ ದೂರ. ವಸಂತನರಸಾಪುರದಲ್ಲೂ ಕೇಳಿ ನೋಡಿ, ಮಷೀನ್ ಟೂಲ್ ಪಾರ್ಕ್ ಅಲ್ಲೇ ಇದೆ. ಬಾಯ್ಲರ್ ವೆಲ್ಡಿಂಗ್ ಮಾತ್ರ ನಿಮ್ಮ ವೆಲ್ಡರ್, ನಿಮ್ಮ ಕಣ್ಣಮುಂದೆ.

ಮೊದಲು ಫಿಕ್ಸ್ಚರ್ ಮಾಡಿಸಿ. ಸಿಲಿಂಡರು, ಎರಡು ಮುಚ್ಚಳ, ಪೈಪು ಕೂರುವ ಅಷ್ಟೂ ಬುಷ್‌ಗಳು ಒಂದೇ ಚೌಕಟ್ಟಿನಲ್ಲಿ ಕೂರಬೇಕು. ವೆಲ್ಡರ್ ಟೇಪು ಹಿಡಿದು ಅಳೆಯುವ ಕೆಲಸವೇ ಇರಬಾರದು. ಬುಷ್ಷು 2 ಎಂಎಂ ಆಚೀಚೆ ಆದರೂ ತಾಮ್ರದ ಪೈಪನ್ನು ಕೈಯಲ್ಲಿ ಬಗ್ಗಿಸಿ ಕೂರಿಸಬೇಕಾಗುತ್ತದೆ. ಹಾಗೆ ಬಲವಂತವಾಗಿ ಕೂತ ಪೈಪೇ ಆಮೇಲೆ ಸೋರುವುದು. ಆ 110 ಗಂಟೆಯಲ್ಲಿ ಒಂದು ಪಾಲು ಇಲ್ಲಿ ಸಿಗುತ್ತದೆ.

ವೆಲ್ಡ್ ಮಾಡುವಾಗ ಒಳಗೂ ಆರ್ಗಾನ್ ತುಂಬಬೇಕು. ಹೊರಗಿನ ವೆಲ್ಡ್ ಮೀನಿನ ಹುರುಪೆಯ ಹಾಗೆ ಚಂದ ಕಾಣುತ್ತಿದ್ದರೂ ಒಳಗೆ ಗ್ಯಾಸ್ ಇಲ್ಲದಿದ್ದರೆ ಕರಿ ಬೂದಿಯಂಥ ಒರಟು ಪದರ ಬರುತ್ತದೆ. ತುಕ್ಕು ಹಿಡಿಯುವುದು ಅಲ್ಲಿಂದಲೇ. ಗ್ಯಾಸ್ ಉಳಿಸೋಣ ಅಂತ ಇದನ್ನು ಬಿಡುವವರು ಇದ್ದಾರೆ. ಅವರ ಬಾಯ್ಲರಿನೊಳಗೆ ಟಾರ್ಚ್ ಬಿಟ್ಟು ನೋಡಿದರೆ ಎಲ್ಲ ಗೊತ್ತಾಗುತ್ತದೆ. ಬೋರ್ ನೀರಿನಲ್ಲಿ ಕ್ಲೋರೈಡ್ ಜಾಸ್ತಿ ಇರುವ ಕಡೆಗೆ ಹೋಗುವ ಮಷೀನಾದರೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗಿಂತ 316ಎಲ್ ದರ್ಜೆಯದು ವಾಸಿ. ವೆಲ್ಡ್ ಆದ ಮೇಲಿನ ಆಸಿಡ್ ತೊಳೆತವನ್ನು ಸರಿಯಾದ ಅನುಮತಿ ಇರುವವರಿಗೆ ಕೊಡಿ. ಆ ನೀರನ್ನು ಚರಂಡಿಗೆ ಬಿಡುವ ಹಾಗಿಲ್ಲ.

ಪ್ರತಿ ಬಾಯ್ಲರಿಗೂ ನೀರಿನಿಂದಲೇ ಒತ್ತಡ ಪರೀಕ್ಷೆ, ಕೆಲಸದ ಒತ್ತಡದ ಒಂದೂವರೆ ಪಟ್ಟು. ಗಾಳಿಯಿಂದ ಮಾಡಲೇಬೇಡಿ. ನೀರು ಹಿಂಡಿಕೊಳ್ಳಲ್ಲ, ವೆಲ್ಡ್ ಬಿಟ್ಟರೆ ಚಿಮ್ಮಿ ನಿಲ್ಲುತ್ತದೆ. ಹಿಂಡಿದ ಗಾಳಿ ಹಾಗಲ್ಲ, ಬಾಂಬು ಅದು. ಕಾಫಿ ನೀರು ಹರಿಯುವ ಕೊಳವೆಗಳಿಗೆ ಬೇರೆ ಲೆಕ್ಕ: ಅಲ್ಲಿ ರಿಲೀಫ್ ವಾಲ್ವು 12 ಬಾರಿಗೆ ಇದ್ದರೆ 18 ಬಾರಿಗೆ ಪರೀಕ್ಷೆ. ಪಾಸಾದ ಬಾಯ್ಲರಿಗೆ ನಂಬರು ಕೊರೆಯಿರಿ.

ಕಾನೂನಿನ ಮಾತು ಒಂದೆರಡು. 2025ರ ಬಾಯ್ಲರ್ ಕಾಯ್ದೆಯಲ್ಲೂ 25 ಲೀಟರಿಗಿಂತ ಕಡಿಮೆ ಹಿಡಿಸುವ ಪಾತ್ರೆ ಬಾಯ್ಲರ್ ಅನ್ನುವ ಲೆಕ್ಕಕ್ಕೆ ಬರಲ್ಲ. ಎರಡು ಗ್ರೂಪಿನ ಮಷೀನು ಆರಾಮಾಗಿ ಅದರೊಳಗೆ ಇರುತ್ತದೆ. ನಾಲ್ಕು ಗ್ರೂಪಿನ ದೊಡ್ಡ ಮಾಡೆಲ್ ಮಾಡುವ ಆಸೆ ಇದ್ದರೆ ಲೀಟರ್ ಲೆಕ್ಕ ನೋಡಿಕೊಂಡು ಮುಂದುವರಿಯಿರಿ. ಕರೆಂಟಿನ ಸುರಕ್ಷತೆಗೆ ಬಿಐಎಸ್‌ನ (ಭಾರತೀಯ ಮಾನಕ ಬ್ಯೂರೊ) ಐಎಸ್ 302 ಮಾನದಂಡ ಇದೆ. ಕಡ್ಡಾಯ ಮಾಡಿರುವ ಉಪಕರಣಗಳ ಪಟ್ಟಿ ಆಗಾಗ ಬದಲಾಗುವುದರಿಂದ, ದೊಡ್ಡ ಬ್ಯಾಚಿಗೆ ಸಾಮಾನು ಆರ್ಡರ್ ಮಾಡುವ ಮುಂಚೆ ಬಿಐಎಸ್ ವೆಬ್‌ಸೈಟ್ ತೆಗೆದು ನೋಡಿ.

ಹೆಜ್ಜೆ 5: ಬಿಡಿಭಾಗ ಮತ್ತು ಸಪ್ಲೈಯರು

ಮಷೀನು ನಿಲ್ಲುವುದು ಪಂಪಿಗೋಸ್ಕರ ಅಲ್ಲ. ಪಂಪಿನ ಬಗ್ಗೆ ಎಲ್ಲರಿಗೂ ಭಯ ಇರುತ್ತದೆ, ಮೂರು ತಿಂಗಳು ಮೊದಲೇ ತರಿಸಿಟ್ಟಿರುತ್ತಾರೆ. ನಿಲ್ಲುವುದು ಸೋರದ ಹಾಗೆ ಹಾಕುವ ಹತ್ತು ರೂಪಾಯಿಯ ರಬ್ಬರ್ ಓ-ರಿಂಗಿಗೆ.

ಸಾಮಾನನ್ನು ಮೂರು ಗುಂಪು ಮಾಡಿ. ಹೊರದೇಶದಿಂದ ಬರುವ ರೋಟರಿ ಪಂಪು, ಕರೆಂಟಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವು, ಫ್ಲೋಮೀಟರು ಒಂದು ಗುಂಪು. ಇವು ದುಬಾರಿ, ಬರಲು ವಾರಗಟ್ಟಲೆ ಬೇಕು, ಎಣಿಸಿ ತರಿಸಬೇಕು. ನಮ್ಮ ಡ್ರಾಯಿಂಗಿಗೆ ಮಾಡಿಸುವ ಹಿತ್ತಾಳೆ ಪಾರ್ಟು, ಶೀಟ್ ಮೆಟಲ್ ಎರಡನೆಯದು. ಇವಕ್ಕೆ ತಿಂಗಳ ಆರ್ಡರು, ವಾರ ವಾರ ಡೆಲಿವರಿ. ನಟ್ಟು, ವಾಷರ್, ಓ-ರಿಂಗ್, ವೈರು ಕಟ್ಟುವ ಟೈ ಮೂರನೆಯದು. ಇವನ್ನು ಎಣಿಸಲೇಬೇಡಿ. ಎರಡು ಡಬ್ಬಿ ಇಡಿ. ಒಂದು ಖಾಲಿಯಾದ ದಿನ ಆರ್ಡರ್ ಮಾಡಿ, ಅಷ್ಟರವರೆಗೆ ಇನ್ನೊಂದರಲ್ಲಿ ಕೆಲಸ ನಡೆಯುತ್ತದೆ. ಓ-ರಿಂಗ್, ಗ್ಯಾಸ್ಕೆಟ್ ಮಾತ್ರ ಆಹಾರಕ್ಕೆ ಬಳಸುವ ದರ್ಜೆಯದ್ದೇ ಇರಬೇಕು. ನೋಡಲು ಎರಡೂ ಒಂದೇ ತರ ಇರುತ್ತವೆ, ಹಾಗಾಗಿ ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ.

ಹಿತ್ತಾಳೆಗೆ ಜಾಮ್‌ನಗರ, ಎರಕಕ್ಕೆ ರಾಜಕೋಟೆ, ಕೊಯಮತ್ತೂರು, ನಮ್ಮ ಬೆಳಗಾವಿ, ಮಷೀನಿಂಗಿಗೆ ಪೀಣ್ಯ. ಮುಖ್ಯ ಪಾರ್ಟಿಗೆ ಇಬ್ಬರು ಸಪ್ಲೈಯರು ಇರಲಿ, ಒಬ್ಬರಿಗೆ ಎಪ್ಪತ್ತು ಪರ್ಸೆಂಟ್, ಇನ್ನೊಬ್ಬರಿಗೆ ಮೂವತ್ತು. ನೀರು ತಾಗುವ ಹಿತ್ತಾಳೆಯಲ್ಲಿ ಸೀಸ ಕಡಿಮೆ ಇರಬೇಕು, ಅದಕ್ಕೆ ಲೋಹದ ಪರೀಕ್ಷಾ ವರದಿ ಕೇಳಿ.

ಪಾರ್ಟು ಬಂದಾಗ ಅಳೆಯುವುದು ಹೇಗೆ? ಕ್ಯಾಲಿಪರ್ ಹಿಡಿದು ಇಪ್ಪತ್ತು ಸೆಟ್ ಅಳೆಯಲು ಕೂತರೆ ದಿನವೇ ಹೋಗುತ್ತದೆ. ಗೋ, ನೋ-ಗೋ ಗೇಜು ಮಾಡಿಸಿ. ಒಂದು ತುದಿ ಹೋಗಬೇಕು, ಇನ್ನೊಂದು ತುದಿ ಹೋಗಬಾರದು, ಮುಗಿಯಿತು. ತುಮಕೂರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಎಚ್‌ಎಂಟಿ ವಾಚ್ ಕಾರ್ಖಾನೆ ಇದ್ದ ಊರಿದು. ಅಲ್ಲಿ ಕೆಲಸ ಮಾಡಿ ರಿಟೈರಾದ ಹಿರಿಯರು ಯಾರಾದರೂ ಪರಿಚಯ ಇದ್ದರೆ, ವಾರಕ್ಕೆರಡು ದಿನ ಬಂದು ನಿಮ್ಮ ಹುಡುಗರಿಗೆ ಗೇಜ್ ಹಿಡಿಯುವುದು ಕಲಿಸಲಿ. ಯಾವ ಕನ್ಸಲ್ಟೆಂಟಿಗಿಂತಲೂ ಉಪಯೋಗ.

ಗೇಜು ಎಲ್ಲಿಗೆ ಬೇಕೇಬೇಕು ಅಂದರೆ ಪೋರ್ಟಾಫಿಲ್ಟರ್ (ಕಾಫಿಪುಡಿ ತುಂಬುವ, ಹಿಡಿ ಇರುವ ಬಟ್ಟಲು) ಕಿವಿಗೆ. ಕಾಫಿಪುಡಿ ತುಂಬಿ ಗ್ರೂಪಿಗೆ ತಿರುಗಿಸಿ ಕೂರಿಸಿದಾಗ ಹಿಡಿ ನೇರವಾಗಿ ನಮ್ಮ ಕಡೆ ನಿಲ್ಲಬೇಕು. ಕಿವಿಯ ದಪ್ಪ ಒಂಚೂರು ಕಡಿಮೆಯಾದರೆ ಹಿಡಿ ಬಲಕ್ಕೆ ಜಾಸ್ತಿ ಓಡುತ್ತದೆ, ಜಾಸ್ತಿಯಾದರೆ ಎಡಕ್ಕೇ ನಿಂತುಬಿಡುತ್ತದೆ. ಗ್ಯಾಸ್ಕೆಟ್ 8 ಎಂಎಂ, 8.5 ಎಂಎಂ ಎರಡೂ ಸಿಗುವುದರಿಂದ ಸ್ವಲ್ಪ ಸರಿದೂಗಿಸಬಹುದು. ಆದರೆ ಎರಡು ಗ್ರೂಪಿನ ಮಷೀನಿನಲ್ಲಿ ಒಂದು ಹಿಡಿ ಈ ಕಡೆ, ಇನ್ನೊಂದು ಆ ಕಡೆ ನಿಂತರೆ ಗಿರಾಕಿ ಮೊದಲು ನೋಡುವುದೇ ಅದನ್ನು. ಒಳಗೆ ನೀವು ಎಷ್ಟು ಚೆನ್ನಾಗಿ ವೆಲ್ಡ್ ಮಾಡಿದ್ದೀರಿ ಅಂತ ಅವರಿಗೆ ಕಾಣಲ್ಲ. ಹಿಡಿ ಸೊಟ್ಟ ಇರುವುದು ಕಾಣುತ್ತದೆ.

ಹೆಜ್ಜೆ 6: ಜೋಡಣೆಯನ್ನು ಹಂಚಿ

ಒಬ್ಬರೇ ಪೂರ್ತಿ ಮಷೀನು ಕಟ್ಟುವುದು ನೋಡಲು ಚೆಂದ. ಇಪ್ಪತ್ತಕ್ಕೆ ಆಗಲ್ಲ. ನಾಲ್ಕು ಜಾಗ ಮಾಡಿ: ಫ್ರೇಮು ಮತ್ತು ಬಾಯ್ಲರ್, ಪೈಪು ಮತ್ತು ಪಂಪು, ವೈರಿಂಗು, ಹೊರಕವಚ. ಐದನೇ ವ್ಯಕ್ತಿ ಟೆಸ್ಟ್ ಬೆಂಚಿಗೆ. ಫ್ರೇಮಿಗೆ ಚಕ್ರ ಇರುವ ಟ್ರಾಲಿ ಕೊಡಿ.

ಕೆಲಸ ಶುರು ಮಾಡುವ ಮುಂಚೆ ಒಂದು ಮಷೀನಿಗೆ ಬೇಕಾದ ಅಷ್ಟೂ ಸಾಮಾನು ಒಂದು ಟ್ರೇಯಲ್ಲಿ ಬರಬೇಕು. ಟ್ರೇ ಪೂರ್ತಿ ಇಲ್ಲದಿದ್ದರೆ ಆ ಮಷೀನು ಶುರುವೇ ಆಗಬಾರದು. ಇದು ಕೇಳಲು ಸುಲಭ, ಪಾಲಿಸಲು ಭಾರೀ ಕಷ್ಟ. ‘ಸುಮ್ನೆ ಕೂರೋ ಬದಲು ಅರ್ಧ ಮಾಡಿಡೋಣ ಸಾರ್’ ಅಂತ ಹುಡುಗರು ಅನ್ನುತ್ತಾರೆ. ಬೇಡ ಅನ್ನಿ. ಅರ್ಧ ಕಟ್ಟಿದ ಮಷೀನು ಜಾಗ ತಿನ್ನುತ್ತದೆ, ದುಡ್ಡು ತಿನ್ನುತ್ತದೆ, ಮತ್ತೆ ಕೈಗೆತ್ತಿಕೊಂಡಾಗ ಎಲ್ಲಿ ಬಿಟ್ಟಿದ್ದೆವು ಅನ್ನುವುದೇ ನೆನಪಿರಲ್ಲ.

ವೈರಿಂಗನ್ನು ಮಷೀನಿನ ಒಳಗೆ ಕೂತು ಮಾಡಬೇಡಿ. ಪ್ಲೈವುಡ್ ಹಲಗೆ ಮೇಲೆ ಮೊಳೆ ಹೊಡೆದು ವೈರು ಹಾಯುವ ದಾರಿ ಗುರುತು ಮಾಡಿ, ಅದರ ಮೇಲೆ ಪೂರ್ತಿ ಹಾರ್ನೆಸ್ ಕಟ್ಟಿ, ನಂಬರು ಹಾಕಿ, ಆಮೇಲೆ ಒಳಗೆ ಕೂರಿಸಿ. ಈ ಕೆಲಸವನ್ನು ಹತ್ತಿರದ ಮಹಿಳಾ ಗುಂಪಿಗೆ ಕಲಿಸಿ ಹೊರಗೇ ಮಾಡಿಸಬಹುದು. ಒಳ್ಳೆಯ ಕ್ರಿಂಪಿಂಗ್ ಟೂಲ್ ಮಾತ್ರ ನೀವೇ ಕೊಡಿಸಿ.

ನಟ್ಟು ಎಷ್ಟು ಬಿಗಿ ಮಾಡಬೇಕು ಅಂತ ಹಳೇ ಫಿಟ್ಟರನ್ನು ಕೇಳಿದರೆ, ‘ಅದು ಕೈಗೇ ಗೊತ್ತಾಗತ್ತೆ ಸಾರ್’ ಅನ್ನುತ್ತಾರೆ. ಅವರ ಕೈಗೆ ಗೊತ್ತಿರುವುದು ನಿಜವೇ. ಹೊಸ ಹುಡುಗನ ಕೈಗೆ ಗೊತ್ತಿಲ್ಲವಲ್ಲ. ಟಾರ್ಕ್ ವ್ರೆಂಚ್ ತಂದು, ಅದೇ ಫಿಟ್ಟರ್ ಬಿಗಿ ಮಾಡಿದ್ದನ್ನು ಅಳೆದು, ಆ ನಂಬರನ್ನೇ ಹಾಳೆಗೆ ಬರೆಯಿರಿ. ‘ಅಣ್ಣಾ, ನಿಮ್ಮ ಕೈ ಅಳತೆಯೇ ಇನ್ಮೇಲೆ ಕಂಪನಿ ಅಳತೆ’ ಅಂದರೆ ಅವರಿಗೂ ಮುನಿಸಿಲ್ಲ. ಬಿಗಿ ಮಾಡಿದ ಪ್ರತಿ ಜಾಯಿಂಟಿಗೂ ಪೇಂಟ್ ಪೆನ್ನಿನಲ್ಲಿ ಗೆರೆ ಎಳೆಯಲಿ. ಗೆರೆ ಇಲ್ಲ ಅಂದರೆ ಬಿಗಿ ಆಗಿಲ್ಲ. ಸರ್ವೀಸಿಗೆ ಹೋದಾಗ ಗೆರೆ ಮುರಿದಿದ್ದರೆ ಯಾರೋ ಕೈ ಹಾಕಿದ್ದಾರೆ ಅಂತಲೂ ಗೊತ್ತಾಗುತ್ತದೆ.

ಹೊಸ ಜನಕ್ಕೆ ಐಟಿಐ ಫಿಟ್ಟರ್, ಎಲೆಕ್ಟ್ರಿಷಿಯನ್ ಸಾಕು. ಪ್ರತಿ ಜಾಗದ ಕೆಲಸ ಕನಿಷ್ಠ ಇಬ್ಬರಿಗೆ ಬರಬೇಕು. ಇಲ್ಲದಿದ್ದರೆ ಶಿರಾ ಕಡೆ ಒಂದು ಜಾತ್ರೆ ಬಂತು ಅಂದರೆ ಲೈನೇ ನಿಂತಿತು.

ಹೆಜ್ಜೆ 7: ದುಡ್ಡು

ಬೆಳೆಯುವ ಘಟಕ ಲಾಭದಲ್ಲಿದ್ದೂ ಮುಳುಗುವುದು ಇಲ್ಲೇ. ಲೆಕ್ಕ ಮಾಡೋಣ. ಒಂದು ಮಷೀನಿನ ಸಾಮಾನಿಗೆ ಒಂದೂವರೆ ಲಕ್ಷ ಅಂದುಕೊಳ್ಳಿ, ಅದರಲ್ಲಿ ಅರ್ಧ ಹೊರದೇಶದ್ದು. ತಿಂಗಳಿಗೆ ಇಪ್ಪತ್ತು. ಹೊರದೇಶದ ಸಾಮಾನಿಗೆ ಮೂರು ತಿಂಗಳ ದುಡ್ಡು ಮುಂಚೆ ಹೋದರೆ 45 ಲಕ್ಷ. ಲೋಕಲ್ ಸಾಮಾನು ಒಂದು ತಿಂಗಳದ್ದು 15 ಲಕ್ಷ. ಶೆಡ್ಡಿನೊಳಗೆ ಇರುವ ಮಷೀನುಗಳು ಅರ್ಧ ತಿಂಗಳದ್ದು 15 ಲಕ್ಷ. ಡೀಲರ್ 45 ದಿನಕ್ಕೆ ಕೊಟ್ಟರೆ ಹೊರಗೆ ನಿಂತಿರುವುದು 45 ಲಕ್ಷ. ಒಟ್ಟು 1 ಕೋಟಿ 20 ಲಕ್ಷ. ಸಂಬಳ, ಬಾಡಿಗೆ ಇದರಲ್ಲಿಲ್ಲ. ಐದು ಮಾಡುವಾಗ ಇದೇ ಲೆಕ್ಕ 30 ಲಕ್ಷ ಇತ್ತು.

ಸಿಎನ್‌ಸಿಗೆ ಅಂತ ಇಟ್ಟ ಸಾಲ ಈ ಕಡೆಗೆ ಬರಲಿ ಅಂತ ಹೇಳುವುದು ಇದಕ್ಕೇ. ಡೀಲರಿನಿಂದ ಅರ್ಧ ದುಡ್ಡು ಮುಂಗಡ ಕೇಳಿ, ನಾಚಿಕೆ ಬೇಡ. ಸಣ್ಣ ಘಟಕಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿಲ್ಲದಿದ್ದರೆ ಇವತ್ತೇ ಮಾಡಿಸಿ. 2025ರ ಏಪ್ರಿಲ್ 1ರಿಂದ ಮಷಿನರಿ ಹೂಡಿಕೆ ಎರಡೂವರೆ ಕೋಟಿ, ವಹಿವಾಟು 10 ಕೋಟಿ ಮೀರದ ಘಟಕ ಮೈಕ್ರೊ ಅಂತಲೇ ಲೆಕ್ಕ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ನಿಮ್ಮಂಥ ಘಟಕಕ್ಕೆ ಕೊಂಡವರು ಕರಾರು ಇದ್ದರೂ 45 ದಿನದೊಳಗೆ ಕೊಡಬೇಕು, ಕರಾರೇ ಇಲ್ಲದಿದ್ದರೆ 15 ದಿನ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಕತ್ತಿ ಎರಡೂ ಕಡೆ ಹರಿತ. ನಿಮಗೆ ಹಿತ್ತಾಳೆ ಪಾರ್ಟು ತಿರುಗಿಸಿ ಕೊಡುವ ಪೀಣ್ಯದವರೂ ಮೈಕ್ರೊ ಘಟಕವೇ. ಅವರಿಗೆ ನೀವು ತಡ ಮಾಡಿದರೆ, 2023-24ರ ಹಣಕಾಸು ವರ್ಷದಿಂದ, ಆ ಖರ್ಚನ್ನು ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯುವಂತಿಲ್ಲ, ಕೊಟ್ಟ ವರ್ಷದಲ್ಲಿ ಮಾತ್ರ.

ಹೆಜ್ಜೆ 8: ಒಂದೇ ಸಲಕ್ಕೆ ಇಪ್ಪತ್ತು ಬೇಡ

ಎಂಟು, ಹನ್ನೆರಡು, ಇಪ್ಪತ್ತು. ಒಂದೊಂದು ಮೆಟ್ಟಿಲಲ್ಲಿ ಕನಿಷ್ಠ ಎರಡು ತಿಂಗಳು ನಿಲ್ಲಿ. ಫೇಲ್ ರಿಜಿಸ್ಟರಿನ ಹಾಳೆ ತೆಳ್ಳಗಾಗದೆ ಮೇಲೆ ಹತ್ತಬೇಡಿ. ಡೀಲರಿಗೂ ಇದನ್ನೇ ಬರೆದು ಕೊಡಿ. ದಿನ ತಪ್ಪಿಸುವುದಕ್ಕಿಂತ ಮೊದಲೇ ಕಡಿಮೆ ಒಪ್ಪಿಕೊಳ್ಳುವುದು ವಾಸಿ, ಅಲ್ವಾ?

ಮೊದಲ ಎಂಟನ್ನು ಹತ್ತಿರದಲ್ಲೇ ಹಾಕಿ. ತುಮಕೂರು, ನೆಲಮಂಗಲ, ಬೆಂಗಳೂರು ಹೈವೇ ಬದಿಯ ಹೋಟೆಲುಗಳು. ಬೆಳಿಗ್ಗೆ ಫೋನ್ ಬಂದರೆ ಮಧ್ಯಾಹ್ನಕ್ಕೆ ಬೈಕಿನಲ್ಲಿ ಹೋಗಿ ಬರುವಷ್ಟು ದೂರ. ಮಷೀನು ಕೂರಿಸಲು ಹೋದವರು ಆ ಜಾಗದ ವೋಲ್ಟೇಜು, ನೀರಿನ ಗಡಸುತನ ಎರಡನ್ನೂ ಬರೆದುಕೊಂಡು ಬರಲಿ. ಮಾಮೂಲಿ 16 ಆಂಪ್ ಪ್ಲಗ್ಗಿಗೆ ಈ ಮಷೀನು ಹಾಕುವಂತಿಲ್ಲ. 4.5 ಕಿಲೋವ್ಯಾಟಿಗೆ ಸುಮಾರು 20 ಆಂಪ್ ಬೇಕು, ಬೇರೆ ಎಂಸಿಬಿಯಿಂದ ನೇರ ಲೈನು ಎಳೆಸಿ. ಸಂಜೆ ಹೊತ್ತು ವೋಲ್ಟೇಜು 200ಕ್ಕೆ ಇಳಿದರೆ ಅದೇ ಎಲಿಮೆಂಟು 3.4 ಕಿಲೋವ್ಯಾಟ್ ಮಾತ್ರ ಕೊಡುತ್ತದೆ. ಹಾಲು ನೊರೆ ಬರುತ್ತಿಲ್ಲ ಅಂತ ಬರುವ ದೂರಿನಲ್ಲಿ ಮಷೀನಿನ ದೋಷ ಎಷ್ಟು, ಲೈನಿನ ದೋಷ ಎಷ್ಟು ಅಂತ ಆ ಚೀಟಿ ನೋಡಿದರೆ ಗೊತ್ತಾಗುತ್ತದೆ.

ಪ್ರತಿ ಹತ್ತು ಮಷೀನಿಗೆ ಒಂದು ಸೆಟ್ಟಿನಂತೆ ಬಿಡಿಭಾಗ ಬೇರೆ ಬೀರುವಿನಲ್ಲಿ ಇರಲಿ: ಎಲಿಮೆಂಟು, ಪ್ರೋಬು, ಸೊಲೆನಾಯ್ಡು, ಸೇಫ್ಟಿ ವಾಲ್ವು, ಒಂದಷ್ಟು ಗ್ಯಾಸ್ಕೆಟ್ಟು. ಬೀರುವಿನ ಕೀಲಿ ಸರ್ವೀಸ್ ಹುಡುಗನ ಹತ್ತಿರ. ಲೈನಿನಲ್ಲಿ ಕೊರತೆ ಬಂತು ಅಂತ ಅದಕ್ಕೆ ಯಾರೂ ಕೈ ಹಾಕಬಾರದು, ಮಾಲೀಕರೂ ಸೇರಿ.

ಮೂರು ತಿಂಗಳಾದ ಮೇಲೆ ಮೊದಲ ಎಂಟರಲ್ಲಿ ಎರಡನ್ನು ಆರಿಸಿ, ಒಂದು ಹೇಮಾವತಿ ನೀರಿನದು, ಒಂದು ಬೋರ್ ನೀರಿನದು. ಬದಲಿ ಮಷೀನು ಕೊಟ್ಟು ಅವನ್ನು ಶೆಡ್ಡಿಗೆ ತನ್ನಿ. ಎಲಿಮೆಂಟ್ ಬಿಚ್ಚಿ ಪೊರೆಯ ದಪ್ಪ ನೋಡಿ, ಬಾಯ್ಲರಿನ ಒಳವೆಲ್ಡಿಗೆ ಟಾರ್ಚ್ ಬಿಡಿ, ಪೇಂಟ್ ಗೆರೆಗಳನ್ನು ಒಂದೊಂದಾಗಿ ಪರೀಕ್ಷಿಸಿ. ಫಿಲ್ಟರ್ ಎಷ್ಟು ದಿನಕ್ಕೆ ಬದಲಾಯಿಸಬೇಕು ಅಂತ ಕೈಪಿಡಿಯಲ್ಲಿ ಬರೆಯುವ ಸಂಖ್ಯೆ ಅಲ್ಲಿಂದ ಬರಬೇಕು. ಅದನ್ನು ಬರೆದಾದ ಮೇಲೆ ಹನ್ನೆರಡರ ಬ್ಯಾಚಿಗೆ ಸಾಮಾನು ಆರ್ಡರ್ ಮಾಡಿ.